ಒಂದೇ ತತ್ವಪದ, ಐದು ಸಾಫ್ಟ್‌ವೇರ್: ಮನೆ ಸ್ಟುಡಿಯೋಗೆ ಯಾವುದು ಸರಿ?

ಕಲಬುರಗಿಯ ನಮ್ಮ ಓಣಿಯಲ್ಲಿ ಪ್ರತಿ ಅಮಾವಾಸ್ಯೆಗೆ ಭಜನೆ ಇರುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದ, ಶರಣರ ವಚನ. ನಡುವೆ ಯಾರಾದರೂ ಮೊಹರಂ ಪದ ಎತ್ತಿಕೊಂಡರೆ ಅದೂ ಸೈ. ಮುಂದೆ ಕೂತು ಹಾಡುವವರನ್ನು ಓಣಿಯವರೆಲ್ಲ ಕಾಕಾ ಅಂತಾರೆ. ಎಪ್ಪತ್ತು ದಾಟಿದೆ. ಕೈಯಲ್ಲಿ ಏಕತಾರಿ ಹಿಡಿದರೆ ವಯಸ್ಸು ಗೊತ್ತಾಗುವುದಿಲ್ಲ.

ಅವರ ಪದಗಳನ್ನು ನೆಟ್ಟಗೆ ರೆಕಾರ್ಡ್ ಮಾಡಿಡೋಣ ಅಂತ ನಾನು ಹೊರಟೆ. ನನ್ನ ಹತ್ತಿರ ಇದ್ದದ್ದು ಮಾಳಿಗೆ ಮೇಲಿನ ಒಂದು ಖೋಲಿ, 8 ಜಿಬಿ ರ‍್ಯಾಮ್ ಇರುವ ಹಳೆ ವಿಂಡೋಸ್ ಲ್ಯಾಪ್‌ಟಾಪ್, ಎರಡು ಮೈಕ್ ಹಿಡಿಯುವ ಒಂದು ಆಡಿಯೋ ಇಂಟರ್‌ಫೇಸ್. ಯಾವ ಸಾಫ್ಟ್‌ವೇರ್ ಹಾಕಬೇಕು ಅಂತ ಐದು ಜನರನ್ನು ಕೇಳಿದೆ, ಐದು ಉತ್ತರ ಬಂತು. ಕಡೆಗೆ ಐದನ್ನೂ ಹಾಕಿಕೊಂಡು, ಕಾಕಾ ಹಾಡಿದ ಒಂದೇ ಪದವನ್ನು ಐದರಲ್ಲೂ ಕೂಡಿಸಿ ನೋಡಿದೆ. ಆಡಾಸಿಟಿ, ಕೇಕ್‌ವಾಕ್, ಪ್ರೋ ಟೂಲ್ಸ್ ಇಂಟ್ರೋ, ಎಫ್‌ಎಲ್ ಸ್ಟುಡಿಯೋ, ರೀಪರ್. ಹೆಡ್‌ಫೋನ್ ಹಾಕಿ ಕಾಕಾಗೆ ಒಂದೊಂದನ್ನೇ ಕೇಳಿಸಿದೆ. ಅವರು ಹೇಳಿದ್ದು ಇಷ್ಟು:

“ತಮ್ಮಾ, ಇದರಾಗ ಕೇಳಿದ್ರೂ ನನ್ನ ದನಿ ಅದೇ ಅದ, ಅದರಾಗ ಕೇಳಿದ್ರೂ ಅದೇ ಅದ. ಮತ್ತ ಯಾಕಿಷ್ಟು ಹೈರಾಣ ಆಗ್ಲಕತ್ತಿ?”

ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ಮೈಕಿನಿಂದ ಬಂದ ಸದ್ದನ್ನು ಅಂಕಿಗಳಾಗಿ ಬದಲಿಸುವುದು ಇಂಟರ್‌ಫೇಸ್. ಸಾಫ್ಟ್‌ವೇರ್ ಆ ಅಂಕಿಗಳನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ, ಅಷ್ಟೇ. ಅದೇ ಮೈಕು, ಅದೇ ಖೋಲಿ, ಅದೇ 48 ಕಿಲೋಹರ್ಟ್ಸ್, 24 ಬಿಟ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ, ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು ಅನ್ನುವ ಸೆಟ್ಟಿಂಗ್) ಇಟ್ಟರೆ ಉಚಿತದ್ದರಲ್ಲಿ ಆದ ರೆಕಾರ್ಡಿಂಗಿಗೂ ಲಕ್ಷ ರೂಪಾಯಿ ಸ್ಟುಡಿಯೋದ ಸಾಫ್ಟ್‌ವೇರಿನಲ್ಲಿ ಆದದ್ದಕ್ಕೂ ದನಿಯಲ್ಲಿ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇರುವುದು ಆಮೇಲಿನ ಕೆಲಸದಲ್ಲಿ. ತಪ್ಪಾದ ಒಂದು ಸಾಲನ್ನು ತಿದ್ದಲು ಎಷ್ಟು ಹೊತ್ತು? ಕರೆಂಟ್ ಹೋದರೆ ಏನು ಉಳಿಯುತ್ತದೆ? ತಬಲಾದವನು ಹೆಡ್‌ಫೋನಿನಲ್ಲಿ ಕೇಳುತ್ತ ಬಾರಿಸಿದರೆ ತಾಳ ಕೂಡುತ್ತದಾ? ಜೇಬಿನಿಂದ ಎಷ್ಟು ರೊಕ್ಕ ಹೋಗುತ್ತದೆ? ನಾನು ಹೋಲಿಸಿದ್ದು ಇವನ್ನೇ.

ಮೊದಲು ಖೋಲಿ, ಆಮೇಲೆ ಸಾಫ್ಟ್‌ವೇರ್

ಇದು ಸಾಫ್ಟ್‌ವೇರಿನ ಮಾತಲ್ಲ, ಗೊತ್ತು. ಆದರೂ ನಮ್ಮ ಊರಿನವರಿಗೆ ಇದನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ನಮ್ಮ ಮನೆಗಳ ನೆಲಕ್ಕೆಲ್ಲ ಶಹಾಬಾದ್ ಕಲ್ಲು. ಕೆಲವು ಹಳೆ ಮನೆಗಳಲ್ಲಿ ಮಾಳಿಗೆಗೂ ಅದೇ. ಬೇಸಿಗೆಯಲ್ಲಿ ಬರಿಗಾಲಿಗೆ ಹಿತ, ಮೈಕಿಗೆ ಮಾತ್ರ ಶತ್ರು. ಚಪ್ಪಟೆ ಕಲ್ಲಿನ ಮೇಲೆ ಬಿದ್ದ ಸದ್ದು ಹಾಗೇ ವಾಪಸ್ ಎದ್ದು ಬರುತ್ತದೆ. ಕಾಕಾ ಹಾಡಿದ ಮೊದಲ ರೆಕಾರ್ಡಿಂಗ್ ಬಾವಿಯೊಳಗೆ ಕೂತು ಹಾಡಿದ ಹಾಗಿತ್ತು. ಇದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು.

ನಮ್ಮ ಅವ್ವ ಹೊಲಿದ ಕೌದಿಗಳು ಇದಕ್ಕೆ ಮದ್ದಾದವು. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ಕೌದಿ ಇಳಿಬಿಟ್ಟೆ, ನೆಲಕ್ಕೆ ದಪ್ಪ ಜಮಖಾನೆ ಹಾಸಿದೆ. ಮೂಲೆಯಲ್ಲಿ ತೊಗರಿ ಚೀಲಗಳು ಮೊದಲೇ ಇದ್ದವು, ಅಲ್ಲೇ ಬಿಟ್ಟೆ. ಸ್ಟುಡಿಯೋದವರು ಮೂಲೆಗೆ ದಪ್ಪ ಫೋಮ್ ಇಡುತ್ತಾರಲ್ಲ, ಹಾಗೆ. ತೊಗರಿ ಅಷ್ಟು ಕೆಲಸ ಮಾಡುತ್ತದೆ ಅಂತ ಪ್ರಮಾಣ ಮಾಡಿ ಹೇಳಲಾರೆ, ಕೌದಿ ಮಾಡುತ್ತದೆ.

ಇನ್ನೊಂದು ಫ್ಯಾನು ಮತ್ತು ಕೂಲರ್. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲಿಗೆ ಫ್ಯಾನ್ ಬಂದ್ ಮಾಡಿ ಹಾಡಿ ಅಂದರೆ ಯಾರು ಹಾಡುತ್ತಾರೆ? ನಾವು ರಾತ್ರಿ ಹನ್ನೊಂದರ ಮೇಲೆ ಕೂರುತ್ತೇವೆ. ಒಂದು ಪದ ಮುಗಿದ ಕೂಡಲೇ ಫ್ಯಾನ್ ಹಾಕಿ, ಚಹಾ ಕುಡಿದು, ಮತ್ತೆ ಬಂದ್.

ಆಡಾಸಿಟಿ: ಕತ್ತರಿ ಬೇಕಾದವರಿಗೆ

2000ನೇ ಇಸವಿಯಿಂದ ಇರುವ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹಳೆ ಕಂಪ್ಯೂಟರಿನಲ್ಲೂ ತಕರಾರಿಲ್ಲದೆ ತೆರೆಯುತ್ತದೆ. ಕೆಂಪು ಬಟನ್ ಒತ್ತಿದರೆ ರೆಕಾರ್ಡ್. ಕಲಿಯಲು ಒಂದು ಸಂಜೆ ಸಾಕು.

ಹಳೆ ಕ್ಯಾಸೆಟ್ಟಿನಿಂದ ಹಾಡು ಇಳಿಸಿಕೊಳ್ಳುವುದು, ಪ್ರವಚನ ಕತ್ತರಿಸುವುದು, ಫೋನಿನಲ್ಲಿ ರೆಕಾರ್ಡ್ ಮಾಡಿದ್ದರ ಗದ್ದಲ ತೆಗೆಯುವುದು, ಇಂಥ ಕೆಲಸಕ್ಕೆ ಬೇರೆ ಏನನ್ನೂ ನೋಡಬೇಡಿ. ಇದರ ನಾಯ್ಸ್ ರಿಡಕ್ಷನ್ ತುಂಬ ಸರಳ. ಯಾರೂ ಹಾಡದ ಎರಡು ಮೂರು ಸೆಕೆಂಡು ಬರೀ ಫ್ಯಾನಿನ ಸದ್ದು ಇರುವ ಜಾಗ ಆರಿಸಿ, ‘ಇದೇ ಗದ್ದಲ’ ಅಂತ ತೋರಿಸಬೇಕು. ಆಮೇಲೆ ಇಡೀ ಹಾಡಿಗೆ ಹಚ್ಚಬೇಕು. ಒಂದೇ ಸಮನೆ ಇರುವ ಸದ್ದು ಇಳಿಯುತ್ತದೆ. ಆಟೋ ಹಾರ್ನ್, ನಾಯಿ, ನೆರೆಮನೆಯ ಕುಕ್ಕರ್ ಹೋಗುವುದಿಲ್ಲ. ಜಾಸ್ತಿ ಹಚ್ಚಿದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. ಹಾಗಾಗಿ ಹಾಡು ಶುರುವಾಗುವ ಮೊದಲು ಐದು ಸೆಕೆಂಡು ಸುಮ್ನೆ ಕೂತು ಖಾಲಿ ಖೋಲಿಯನ್ನೇ ರೆಕಾರ್ಡ್ ಮಾಡಿಕೊಳ್ಳಿ. ಎಲ್ಲ ಸಾಫ್ಟ್‌ವೇರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಇದರ ಮಿತಿ ಗೊತ್ತಾಗುವುದು ಟ್ರ್ಯಾಕುಗಳು, ಅಂದರೆ ಒಂದೊಂದು ದನಿಗೆ, ವಾದ್ಯಕ್ಕೆ ಇಡುವ ಬೇರೆ ಬೇರೆ ಪಟ್ಟಿಗಳು, ಹೆಚ್ಚಾದಾಗ. ಮೊದಲೆಲ್ಲ ಯಾವ ಎಫೆಕ್ಟ್ ಹಾಕಿದರೂ ಅದು ನೇರ ಸದ್ದಿನ ಮೇಲೇ ಬರೆದುಹೋಗುತ್ತಿತ್ತು. ನಾಳೆ ರಿವರ್ಬ್ (ದನಿಗೆ ಹಚ್ಚುವ ಗುಂಗು) ಜಾಸ್ತಿ ಆಯಿತು ಅನ್ನಿಸಿದರೆ ಅನ್‌ಡೂ ಒತ್ತುತ್ತ ಹಿಂದೆ ಹೋಗಬೇಕಿತ್ತು. 2022ರಲ್ಲಿ ಬಂದ 3.2 ಆವೃತ್ತಿಯಿಂದ ಹಾಡು ನುಡಿಯುತ್ತಿರುವಾಗಲೇ ಎಫೆಕ್ಟ್ ಹೆಚ್ಚು ಕಡಿಮೆ ಮಾಡಬಹುದು. ಅದು ದೊಡ್ಡ ಸುಧಾರಣೆ. ಆದರೂ ಏಳೆಂಟು ಟ್ರ್ಯಾಕಿನ ಭಜನೆಯನ್ನು ಇದರಲ್ಲಿ ಮಿಕ್ಸ್ ಮಾಡುವುದು ಅಂದರೆ ಜೋಳದ ರೊಟ್ಟಿಯನ್ನು ಚಮಚದಲ್ಲಿ ತಿಂದ ಹಾಗೆ. ಹೊಟ್ಟೆ ತುಂಬುತ್ತದೆ, ಬೇಸರವೂ ಆಗುತ್ತದೆ. ಕೀಬೋರ್ಡ್ ಜೋಡಿಸಿ ತಂಬೂರಿ, ಕೊಳಲಿನ ದನಿ ನುಡಿಸುತ್ತೇನೆ ಅನ್ನುವವರಿಗೆ ಇದು ಆಗಿಬರುವುದಿಲ್ಲ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಹಳೆ ಆಡಾಸಿಟಿಯಲ್ಲಿ ಪ್ರಾಜೆಕ್ಟ್ ಫೈಲ್ ಒಂದು ಕಡೆ, ಸದ್ದೆಲ್ಲ ಇರುವ ಡೇಟಾ ಫೋಲ್ಡರ್ ಇನ್ನೊಂದು ಕಡೆ ಇರುತ್ತಿತ್ತು. ನಾನು ಫೈಲ್ ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿಬಿಟ್ಟೆ. ವಾಪಸ್ ಬಂದು ತೆರೆದರೆ ಖಾಲಿ. ನಾಲ್ಕು ಪದ ಹೋದವು. 2021ರ 3.0 ಆವೃತ್ತಿಯಿಂದ ಎಲ್ಲ ಒಂದೇ ಫೈಲಿನಲ್ಲಿ ಇರುತ್ತದೆ. ನಿಮ್ಮ ಹತ್ತಿರ ಹಳೆಯದಿದ್ದರೆ ಇವತ್ತೇ ಹೊಸದು ಹಾಕಿಕೊಳ್ಳಿ.

ರೀಪರ್: ನಾನು ಉಳಿಸಿಕೊಂಡದ್ದು

ನನ್ನ ಮಾತಿನಲ್ಲಿ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಎಲ್ಲರ ಕಂಪ್ಯೂಟರಿನಲ್ಲೂ ವಿನ್‌ಆಂಪ್ ಇರುತ್ತಿತ್ತಲ್ವಾ, ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರ ಕೊಕೋಸ್ ಕಂಪನಿಯದ್ದೇ ರೀಪರ್. ಇಳಿಸಿಕೊಳ್ಳುವ ಫೈಲು ಎಷ್ಟು ಚಿಕ್ಕದು ಅಂದರೆ ಫೋನಿನ ಹಾಟ್‌ಸ್ಪಾಟಿನಲ್ಲೇ ಒಂದೆರಡು ನಿಮಿಷದಲ್ಲಿ ಬಂದುಬಿಡುತ್ತದೆ. ಬೇರೆ ಕೆಲವು ಸಾಫ್ಟ್‌ವೇರುಗಳು ಗಿಗಾಬೈಟ್ ಲೆಕ್ಕದಲ್ಲಿ ಇರುತ್ತವೆ.

60 ದಿನ ಪೂರ್ತಿ ಉಚಿತ. ಯಾವುದಕ್ಕೂ ಬೀಗ ಹಾಕಿರುವುದಿಲ್ಲ. ಆಮೇಲೆ ಸ್ವಂತಕ್ಕೆ ಬಳಸುವವರಿಗೆ ಮತ್ತು ಸಣ್ಣ ಆದಾಯದವರಿಗೆ 60 ಡಾಲರ್. ನಮ್ಮ ರೊಕ್ಕದಲ್ಲಿ ಐದು ಸಾವಿರಕ್ಕೂ ಸ್ವಲ್ಪ ಮೇಲೆ. ವರ್ಷಕ್ಕೆ 20,000 ಡಾಲರಿಗಿಂತ ಹೆಚ್ಚು ಆದಾಯ ಇರುವ ವ್ಯಾಪಾರಸ್ಥರಿಗೆ ದರ 225 ಡಾಲರ್. ನಮ್ಮ ಓಣಿಯಲ್ಲಿ ಅಂಥವರು ಇನ್ನೂ ಹುಟ್ಟಿಲ್ಲ. ಒಮ್ಮೆ ಕೊಂಡರೆ ಎರಡು ದೊಡ್ಡ ಆವೃತ್ತಿಗಳವರೆಗೆ ನಡೆಯುತ್ತದೆ. 7ನೇ ಆವೃತ್ತಿಗೆ ತೆಗೆದುಕೊಂಡದ್ದು 8 ಮುಗಿಯುವವರೆಗೂ ಬರುತ್ತದೆ. ತಿಂಗಳ ಬಾಡಿಗೆ ಇಲ್ಲ. ಒಂದು ವಿಷಯ, ಬ್ಯಾಂಕಿನ ಕಾರ್ಡಿನಲ್ಲಿ ಹೊರದೇಶದ ವ್ಯವಹಾರ ಚಾಲೂ ಇರಬೇಕು. ನನ್ನದು ಇರಲಿಲ್ಲ, ಬ್ಯಾಂಕಿನ ಆ್ಯಪಿನಲ್ಲಿ ಹುಡುಕಿ ಚಾಲೂ ಮಾಡಬೇಕಾಯಿತು.

ನಮ್ಮ ಬಗೆಯ ಹಾಡಿಗೆ ಇದು ಯಾಕೆ ಹೊಂದುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ತತ್ವಪದ ಒಂದೇ ಲಯದಲ್ಲಿ ಹೋಗುವುದಿಲ್ಲ. ನಿಧಾನ ಶುರುವಾಗುತ್ತದೆ, ಪಲ್ಲವಿಗೆ ಬಂದಾಗಲೆಲ್ಲ ಒಂದಿಷ್ಟು ಏರುತ್ತದೆ, ಕಡೆಗೆ ತಾಳದವರು ಬೆವರುತ್ತಿರುತ್ತಾರೆ. ಸಾಫ್ಟ್‌ವೇರುಗಳು ಮಾತ್ರ ಮೊದಲೇ ನಿಮಿಷಕ್ಕೆ 120 ಪೆಟ್ಟು ಅಂತ ಗೆರೆ ಎಳೆದು ಕೂತಿರುತ್ತವೆ. ಕತ್ತರಿಸಲು ಹೋದರೆ ಆ ಗೆರೆಗೇ ಅಂಟುತ್ತವೆ. ರೀಪರಿನಲ್ಲಿ ಹೀಗೆ ಗೆರೆಗೆ ಅಂಟುವ ‘ಸ್ನ್ಯಾಪ್’ ಬಂದ್ ಮಾಡಿ, ಗೆರೆ ಅಡಗಿಸಿ, ಬರೀ ನಿಮಿಷ ಸೆಕೆಂಡಿನ ಲೆಕ್ಕದಲ್ಲಿ ಕೆಲಸ ಮಾಡಬಹುದು. ಬೇರೆಯವುಗಳಲ್ಲೂ ಆಗುತ್ತದೆ, ಆದರೆ ಇಲ್ಲಿ ಎರಡು ಕ್ಲಿಕ್ಕಿನ ಕೆಲಸ.

ಇನ್ನೊಂದು, ಟೇಕುಗಳು. ಕಾಕಾ ಒಂದು ನುಡಿಯನ್ನು ಮೂರು ಸಲ ಹಾಡಿದರೆ ಮೂರೂ ಒಂದರ ಕೆಳಗೊಂದು ಕೂರುತ್ತವೆ. ಮೊದಲನೆಯದರ ಮೊದಲ ಸಾಲು, ಮೂರನೆಯದರ ಎರಡನೇ ಸಾಲು, ಹೀಗೆ ಮೌಸಿನಿಂದ ಎಳೆದು ಆರಿಸಿಕೊಳ್ಳಬಹುದು. 2023ರಲ್ಲಿ ಬಂದ 7ನೇ ಆವೃತ್ತಿಯಲ್ಲಿ ಇದು ಇನ್ನೂ ಸಲೀಸಾಯಿತು. ಕಾಕಾಗೆ ಮಾತ್ರ ಇದು ಸರಿಬರಲಿಲ್ಲ. “ಮೂರು ಕಡಿ ಹರಿದು ಒಂದು ಅಂಗಿ ಹೊಲೀತಿಯೇನು?” ಅಂದರು. ಅವರ ಪದಗಳನ್ನು ಈಗ ನಾನು ಒಂದೇ ಟೇಕಿನಲ್ಲಿ ಇಡುತ್ತೇನೆ, ಕೆಮ್ಮು ಬಂದ ಜಾಗ ಬಿಟ್ಟು.

ಕರೆಂಟಿನ ವಿಷಯ. ರೆಕಾರ್ಡ್ ಆಗುತ್ತಿದ್ದಂತೆ ರೀಪರ್ ಸದ್ದನ್ನು ನೇರ ವಾವ್ (ಸದ್ದನ್ನು ಕುಗ್ಗಿಸದೆ ಇಡುವ) ಫೈಲಾಗಿ ಡಿಸ್ಕಿಗೆ ಬರೆಯುತ್ತ ಹೋಗುತ್ತದೆ. ನಡುವೆ ಏನೇ ಆದರೂ ಅಲ್ಲಿವರೆಗಿನದ್ದು ಸಾಮಾನ್ಯವಾಗಿ ಸಿಗುತ್ತದೆ. ನಮ್ಮ ಊರಿಗೆ ಲ್ಯಾಪ್‌ಟಾಪೇ ವಾಸಿ ಅನ್ನುವುದು ಇದಕ್ಕೇ, ಬ್ಯಾಟರಿ ಇರುತ್ತದೆ. ಇನ್ವರ್ಟರ್ ಮೇಲೆ ನಡೆಸಿದರೆ ಕೆಲವು ಸಲ ‘ಗುಂಯ್’ ಅನ್ನುವ ಸದ್ದು ಮೈಕಿನಲ್ಲಿ ಸೇರಿಕೊಳ್ಳುತ್ತದೆ. ಆಗ ಚಾರ್ಜರ್ ಕಿತ್ತು ಬರೀ ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡಿ. ನನ್ನ ಖೋಲಿಯಲ್ಲಿ ಅರ್ಧಕ್ಕರ್ಧ ತೊಂದರೆ ಅದರಿಂದಲೇ ಹೋಯಿತು.

ದೋಷಗಳು ಇಲ್ಲದಿಲ್ಲ. ಮೊದಲ ಸಲ ತೆರೆದವರಿಗೆ ಬೂದು ಬಣ್ಣದ ಖಾಲಿ ಹೊಲದ ಹಾಗೆ ಕಾಣುತ್ತದೆ. ಎಲ್ಲಿ ಏನಿದೆ ಗೊತ್ತಾಗುವುದಿಲ್ಲ. ಮೆನುಗಳು ಹನುಮಂತನ ಬಾಲ. ವಾದ್ಯಗಳ ದನಿ ಇದರ ಜೊತೆ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ತಬಲಾ, ಪಿಯಾನೋ, ತಂತಿವಾದ್ಯ ಬೇಕಾದರೆ ಬೇರೆ ಕಡೆಯಿಂದ ಪ್ಲಗಿನ್ (ಸಾಫ್ಟ್‌ವೇರಿನೊಳಗೆ ಕೂಡಿಸುವ ಸಣ್ಣ ಸಾಫ್ಟ್‌ವೇರ್) ತಂದು ಹಾಕಬೇಕು. ದಪ್ಪ ತೆಳು ದನಿ ಹೊಂದಿಸುವ ಈಕ್ವಲೈಜರ್, ಜೋರು ಮೆಲ್ಲಗೆ ಸಮ ಮಾಡುವ ಕಂಪ್ರೆಸರ್, ರಿವರ್ಬ್ ಎಲ್ಲ ಜೊತೆಗೇ ಇವೆ, ನೋಡಲು ಕುರೂಪ, ಕೆಲಸಕ್ಕೆ ಗಟ್ಟಿ. ಹಳೆ ಆಡಾಸಿಟಿಯ ಹಾಗೆ ಇಲ್ಲೂ ಪ್ರಾಜೆಕ್ಟ್ ಫೈಲಿನೊಳಗೆ ಸದ್ದು ಇರುವುದಿಲ್ಲ. ಸೇವ್ ಮಾಡುವಾಗ ‘ಎಲ್ಲ ಫೈಲನ್ನೂ ಪ್ರಾಜೆಕ್ಟ್ ಫೋಲ್ಡರಿಗೆ ನಕಲು ಮಾಡು’ ಅನ್ನುವ ಗುರುತು ಹಾಕಿ, ಬೇರೆ ಕಡೆ ಒಯ್ಯುವಾಗ ಇಡೀ ಫೋಲ್ಡರ್ ಒಯ್ಯಿರಿ. ನನ್ನ ನಾಲ್ಕು ಪದದ ಕತೆ ನೆನಪಿರಲಿ.

ಎಫ್‌ಎಲ್ ಸ್ಟುಡಿಯೋ: ಜಾತ್ರೆ ಡಿಜೆ ಹುಡುಗರಿಗೆ

ಭಜನೆಯವರು ಇಲ್ಲಿಗೆ ಬರಬೇಕಿಲ್ಲ. ಆದರೆ ಕಂಪ್ಯೂಟರಿನಲ್ಲೇ ತಾಳ ಕಟ್ಟುವವರಿಗೆ, ಜಾನಪದಕ್ಕೆ ಡಿಜೆ ಬೀಟ್ ಹಾಕುವ ನಮ್ಮ ಕಡೆಯ ಹುಡುಗರಿಗೆ, ರೀಪರ್ ಕೊಟ್ಟು ಕೂಡಿಸಿದರೆ ಅವರು ಅರ್ಧ ತಾಸಿನಲ್ಲಿ ಎದ್ದು ಹೋಗುತ್ತಾರೆ. ನಮ್ಮ ಅಣ್ಣನ ಮಗ ಹಾಗೇ ಮಾಡಿದ. ಬೆಲ್ಜಿಯಂನ ಇಮೇಜ್-ಲೈನ್ ಕಂಪನಿಯ ಈ ಸಾಫ್ಟ್‌ವೇರ್ 1990ರ ದಶಕದ ಕೊನೆಗೆ ‘ಫ್ರೂಟಿಲೂಪ್ಸ್’ ಅನ್ನುವ ಹೆಸರಿನಲ್ಲಿ ಶುರುವಾಯಿತು. ಸಾಲಾಗಿ ಚೌಕದ ಬಟನ್ನುಗಳು. ಒತ್ತಿದಲ್ಲಿ ಪೆಟ್ಟು ಬೀಳುತ್ತದೆ. ಹಲಿಗೆಯ ಒಂದು ಪೆಟ್ಟನ್ನು ರೆಕಾರ್ಡ್ ಮಾಡಿ ಆ ಬಟನ್ನಿಗೆ ಕೊಟ್ಟರೆ ಹಲಿಗೆಯಲ್ಲೇ ಬೀಟ್ ಕಟ್ಟಬಹುದು. ಸ್ವರ ಬರೆಯುವ ಪಿಯಾನೋ ರೋಲ್ ಇದರಷ್ಟು ಚಂದ ಬೇರೆಲ್ಲೂ ಇಲ್ಲ ಅಂತ ಬಳಸುವವರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ.

ಕೊಳ್ಳುವಾಗ ಒಂದು ಎಚ್ಚರ. ಎಲ್ಲಕ್ಕಿಂತ ಅಗ್ಗದ ‘ಫ್ರೂಟಿ’ ಆವೃತ್ತಿಯಲ್ಲಿ ಮೈಕಿನಿಂದ ಟ್ರ್ಯಾಕಾಗಿ ಹಾಡು ರೆಕಾರ್ಡ್ ಮಾಡಲು ಬರುವುದಿಲ್ಲ. ಅದಕ್ಕೆ ‘ಪ್ರೊಡ್ಯೂಸರ್’ ಆವೃತ್ತಿಯೇ ಬೇಕು. ಅಗ್ಗದ್ದು ಅಂತ ಕೊಂಡು ಆಮೇಲೆ ಹಾಡುಗಾರನನ್ನು ಕರೆದರೆ ಮುಖ ಸಣ್ಣದಾಗುತ್ತದೆ. ಒಳ್ಳೆಯ ಸುದ್ದಿ ಏನು ಅಂದರೆ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಜೀವನಪೂರ್ತಿ ಉಚಿತ. ಉಚಿತ ಟ್ರಯಲ್‌ನಲ್ಲಿ ಎಲ್ಲ ಮಾಡಬಹುದು, ಸೇವ್ ಕೂಡ ಆಗುತ್ತದೆ. ಆದರೆ ಸೇವ್ ಮಾಡಿದ್ದನ್ನು ಕೊಳ್ಳುವವರೆಗೆ ಮತ್ತೆ ತೆರೆಯಲು ಆಗುವುದಿಲ್ಲ. ಒಂದೇ ಕೂತಿನಲ್ಲಿ ಮುಗಿಸಿ ಎಂಪಿ3 ತೆಗೆದುಕೊಂಡು ಏಳಬೇಕು.

ಕಾಕಾನ ಪದವನ್ನು ಇದರಲ್ಲಿ ಕೂಡಿಸಲು ನಾನು ಪಟ್ಟ ಪಾಡು ಬೇಡ. ಏರುವ ಲಯಕ್ಕೂ ಇದರ ಚೌಕಗಳಿಗೂ ಆಗಿಬರಲಿಲ್ಲ.

ಕೇಕ್‌ವಾಕ್, ಪ್ರೋ ಟೂಲ್ಸ್ ಇಂಟ್ರೋ, ಮತ್ತು ಉಳಿದವು

ಕೇಕ್‌ವಾಕ್ ವಿಂಡೋಸಿಗೆ ಮಾತ್ರ. ಚಂದದ ಸಾಫ್ಟ್‌ವೇರ್, ಹಣೆಬರಹ ಮಾತ್ರ ಓಡಾಟದ್ದು. 2017ರಲ್ಲಿ ಗಿಬ್ಸನ್ ಕಂಪನಿ ಇದನ್ನು ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಕಂಪನಿಯ ಕೈಗೆ ಬಂದು ಪೂರ್ತಿ ಉಚಿತವಾಯಿತು. 2023ರಲ್ಲಿ ಮತ್ತೆ ಸೋನಾರ್ ಅನ್ನುವ ಹಳೆ ಹೆಸರಿಗೇ ಮರಳುವುದಾಗಿ ಹೇಳಿದರು. ಈಗ ಸೋನಾರಿಗೂ ಉಚಿತದ್ದು ಬಂದಿದೆ. ಒಂದು ಪೈಸೆ ಖರ್ಚಿಲ್ಲದೆ ದೊಡ್ಡ ಮಿಕ್ಸರ್ ಬೇಕು ಅನ್ನುವವರು ಆ ಉಚಿತ ಸೋನಾರನ್ನು ಹಾಕಿಕೊಳ್ಳಬಹುದು. ನನ್ನ ಹಳೆ ಲ್ಯಾಪ್‌ಟಾಪಿಗೆ ಕೇಕ್‌ವಾಕ್ ಭಾರವಾಯಿತು, ಬಿಸಿಲಿಗೆ ಅದರ ಫ್ಯಾನ್ ವಿಮಾನದ ಹಾಗೆ ಕೂಗತೊಡಗಿತು.

ಪ್ರೋ ಟೂಲ್ಸ್ ದೊಡ್ಡ ಸ್ಟುಡಿಯೋಗಳ ಸಾಫ್ಟ್‌ವೇರ್. ಅದರ ‘ಇಂಟ್ರೋ’ ಉಚಿತ, ಆದರೆ ಆಡಿಯೋ ಟ್ರ್ಯಾಕ್ 8ಕ್ಕೆ ನಿಲ್ಲುತ್ತದೆ. ನಮ್ಮ ಲೆಕ್ಕ ನೋಡಿ: ಕಾಕಾ ಒಂದು, ಏಕತಾರಿ ಎರಡು, ಪೇಟಿ (ಹಾರ್ಮೋನಿಯಂ) ಮೂರು, ತಬಲಾದ ಬಲ ಎಡ ಸೇರಿ ಐದು, ತಾಳ ಆರು, ದಮ್ಮಡಿ ಏಳು, ಹಿಮ್ಮೇಳ ಎರಡು ಸಲ ಹಾಡಿಸಿದರೆ ಒಂಬತ್ತು. ಒಂದು ಟ್ರ್ಯಾಕಿಗಾಗಿ ಯಾರನ್ನು ಹೊರಗೆ ಕಳಿಸಲಿ? ಬರೀ ಹಾಡು ಮತ್ತು ಪೇಟಿ ಇದ್ದರೆ ಸಾಕಾಗುತ್ತದೆ.

ನಿಮ್ಮ ಹತ್ತಿರ ಮ್ಯಾಕ್ ಅಥವಾ ಐಪ್ಯಾಡ್ ಇದ್ದರೆ ಇಷ್ಟೆಲ್ಲ ಓದಬೇಕಿಲ್ಲ. ಗ್ಯಾರೇಜ್‌ಬ್ಯಾಂಡ್ ಉಚಿತ, ಚಂದ, ವಾದ್ಯಗಳ ದನಿಯೂ ಜೊತೆಗೇ. ಮುಂದೆ ಲಾಜಿಕ್ ಪ್ರೋ ಕೊಂಡರೆ ಗ್ಯಾರೇಜ್‌ಬ್ಯಾಂಡಿನ ಪ್ರಾಜೆಕ್ಟ್ ಅದರಲ್ಲಿ ಹಾಗೇ ತೆರೆಯುತ್ತದೆ. ಆದರೆ ಇದಕ್ಕಾಗಿಯೇ ಸಾಲ ಮಾಡಿ ಮ್ಯಾಕ್ ಕೊಳ್ಳಬೇಡಿ.

ಕ್ಯೂಬೇಸ್ ಒಳ್ಳೆಯದು, ದುಬಾರಿ. 1996ರಲ್ಲಿ ವಿಎಸ್‌ಟಿ ಅನ್ನುವ ಬಗೆಯ ಪ್ಲಗಿನ್ ತಂದವರೇ ಅದರ ಸ್ಟೈನ್‌ಬರ್ಗ್ ಕಂಪನಿಯವರು. ಕೆಲವು ಇಂಟರ್‌ಫೇಸ್, ಮಿಕ್ಸರುಗಳ ಡಬ್ಬಿಯೊಳಗೆ ಕ್ಯೂಬೇಸಿನ ಸಣ್ಣ ಆವೃತ್ತಿಗಳಾದ ಎಲ್‌ಇ ಅಥವಾ ಎಐ, ಇಲ್ಲವೇ ಏಬಲ್‌ಟನ್ ಲೈವ್ ಲೈಟ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನ ಕೋಡ್ ಇರುವ ಚೀಟಿ ಬರುತ್ತದೆ. ತುಂಬ ಜನ ಡಬ್ಬಿ ಜೊತೆ ಅದನ್ನೂ ರದ್ದಿಗೆ ಹಾಕಿರುತ್ತಾರೆ. ಹುಡುಕಿ ನೋಡಿ. ಅದು ಇದ್ದರೆ ಬೇರೆ ಕೊಳ್ಳುವ ಮಾತೇ ಇಲ್ಲ.

ಅಡೋಬಿ ಆಡಿಷನ್ ಬಗ್ಗೆ ಹಳಬರು ಕೇಳುತ್ತಾರೆ. ಅವರ ಪ್ರೀತಿಯ ಕೂಲ್ ಎಡಿಟ್ ಪ್ರೋವನ್ನು ಅಡೋಬಿ 2003ರಲ್ಲಿ ಕೊಂಡು ಆ ಹೆಸರಿಟ್ಟಿತು. ಮಾತಿನ ಎಡಿಟಿಂಗಿಗೆ ಬಹಳ ಚೆನ್ನ. ಆದರೆ ತಿಂಗಳ ಬಾಡಿಗೆ. ಅಮಾವಾಸ್ಯೆಗೊಮ್ಮೆ ರೆಕಾರ್ಡ್ ಮಾಡುವವನಿಗೆ ಬಾಡಿಗೆ ಯಾಕೆ?

ಕಂಪ್ಯೂಟರೇ ಇಲ್ಲದಿದ್ದರೆ ಫೋನಿನ ಬ್ಯಾಂಡ್‌ಲ್ಯಾಬ್ ಆ್ಯಪ್. ಉಚಿತ, ಹಲವು ಟ್ರ್ಯಾಕ್, ಬೀದರಿನ ಗೆಳೆಯ ಹಾಡಿದ್ದರ ಮೇಲೆ ಯಾದಗಿರಿಯಿಂದ ನೀವು ತಬಲಾ ಸೇರಿಸಬಹುದು. ನೆಟ್‌ವರ್ಕ್ ಗಟ್ಟಿ ಇರಬೇಕು.

ತಬಲಾ ಹಿಂದೆ ಬೀಳುವುದು ಯಾಕೆ?

ಹೊಸಬರು ಸಾಫ್ಟ್‌ವೇರನ್ನು ಬೈಯುವುದು ಹೆಚ್ಚಾಗಿ ಇದಕ್ಕೇ. ನಮ್ಮ ತಬಲಾದವರು ನಲವತ್ತು ವರ್ಷದಿಂದ ಬಾರಿಸುವವರು. ಹೆಡ್‌ಫೋನ್ ಹಾಕಿ, ಕಾಕಾನ ರೆಕಾರ್ಡ್ ಕೇಳುತ್ತ ಬಾರಿಸಿ ಅಂದೆ. ಎರಡು ನಿಮಿಷಕ್ಕೇ ಹೆಡ್‌ಫೋನ್ ಕಿತ್ತಿಟ್ಟು, “ನನ್ನ ಕೈಯಿ ನನಗೇ ಮೋಸ ಮಾಡ್ಲಕತ್ತದ” ಅಂದರು. ಅವರು ಬಾರಿಸಿದ್ದು ಕಂಪ್ಯೂಟರ್ ಒಳಗೆ ಹೋಗಿ ಸುತ್ತಿ ಅವರ ಕಿವಿಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು. ಇದಕ್ಕೆ ಲೇಟೆನ್ಸಿ ಅಂತಾರೆ.

ಸದ್ದನ್ನು ಕಂಪ್ಯೂಟರ್ ಸಣ್ಣ ಸಣ್ಣ ಬುಟ್ಟಿಗಳಲ್ಲಿ ಹೊರುತ್ತದೆ. ಬುಟ್ಟಿಗೆ ಬಫರ್ ಅಂತ ಹೆಸರು. 48 ಕಿಲೋಹರ್ಟ್ಸಿನಲ್ಲಿ 1024 ಅಂಕಿ ಹಿಡಿಯುವ ಬಫರ್ ತುಂಬಲು 21 ಮಿಲಿಸೆಕೆಂಡು ಬೇಕು, 128ರದ್ದಕ್ಕೆ ಮೂರಕ್ಕಿಂತ ಕಡಿಮೆ. ಹೋಗುವಾಗ ಒಂದು, ಬರುವಾಗ ಒಂದು, ಮೇಲೆ ಒಂದಿಷ್ಟು ಅಂತ ಲೆಕ್ಕ ಹಾಕಿ. ರೆಕಾರ್ಡ್ ಮಾಡುವಾಗ ಬಫರ್ ಸಣ್ಣದು, ಮಿಕ್ಸ್ ಮಾಡುವಾಗ ದೊಡ್ಡದು ಇಟ್ಟುಕೊಳ್ಳಬೇಕು. ತೀರ ಸಣ್ಣದು ಮಾಡಿದರೆ ಹಳೆ ಲ್ಯಾಪ್‌ಟಾಪ್ ಸಾಲದೆ ಚಟಪಟ ಸದ್ದು ಬರುತ್ತದೆ.

ವಿಂಡೋಸಿನಲ್ಲಿ ಇದೆಲ್ಲ ನಡೆಯಬೇಕಾದರೆ ಅಸಿಯೋ ಡ್ರೈವರ್, ಅಂದರೆ ಇಂಟರ್‌ಫೇಸಿಗೂ ಸಾಫ್ಟ್‌ವೇರಿಗೂ ತಡವಿಲ್ಲದೆ ಮಾತಾಡಿಸುವ ಸಣ್ಣ ಸಾಫ್ಟ್‌ವೇರ್, ಬೇಕು. ನಿಮ್ಮ ಇಂಟರ್‌ಫೇಸ್ ಕಂಪನಿಯ ಸ್ವಂತ ಡ್ರೈವರ್ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಅಸಿಯೋ ಫೋರ್ ಆಲ್ ಅನ್ನುವ ಉಚಿತದ್ದು ಇದೆ. ರೀಪರ್, ಕೇಕ್‌ವಾಕ್, ಎಫ್‌ಎಲ್ ಇವೆಲ್ಲ ಅಸಿಯೋ ಬಳಸುತ್ತವೆ. ಆಡಾಸಿಟಿಯಲ್ಲಿ ಆ ಅನುಕೂಲ ಬಹುಕಾಲ ಇರಲಿಲ್ಲ, ಒಂದರ ಮೇಲೊಂದು ಟ್ರ್ಯಾಕ್ ಕಟ್ಟುವವರು ಅದನ್ನು ಬಿಟ್ಟು ಹೋಗಲು ಇದೂ ಒಂದು ಕಾರಣ. ಇದೆಲ್ಲ ತಲೆಬಿಸಿ ಅನ್ನಿಸಿದರೆ ಇಂಟರ್‌ಫೇಸಿನ ಮೇಲೆ ‘ಡೈರೆಕ್ಟ್ ಮಾನಿಟರ್’ ಅನ್ನುವ ಬಟನ್ ಇದೆಯಾ ನೋಡಿ. ಒತ್ತಿದರೆ ಮೈಕಿನ ಸದ್ದು ಕಂಪ್ಯೂಟರ್ ಸುತ್ತದೆ ನೇರ ಕಿವಿಗೆ ಬರುತ್ತದೆ. ತಬಲಾದವರ ಸಿಟ್ಟು ಇಳಿದದ್ದು ಆ ಬಟನ್ನಿನಿಂದಲೇ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಈ ಖೋಲಿಯೊಳಗೆ ತರಬೇಡಿ, ಅದರಲ್ಲಿ ತಡ ಬಹಳ ಜಾಸ್ತಿ.

ಪೇಟಿಯ ಶ್ರುತಿಯದ್ದು ಇನ್ನೊಂದು ಗೋಳು. ಕಾಕಾ ಹಾಡುವುದು ಕಪ್ಪು ಎರಡರಲ್ಲಿ, ಅಂದರೆ ಪೇಟಿಯ ಎರಡನೇ ಕಪ್ಪು ಮನೆಯೇ ಅವರ ಸ. ನಾನು ಕಂಪ್ಯೂಟರಿನ ತಂಬೂರಿಯನ್ನು ಅದೇ ಸ್ವರಕ್ಕೆ ಇಟ್ಟೆ, ಆದರೂ ಹಲ್ಲಿಗೆ ಮರಳು ಸಿಕ್ಕ ಹಾಗೆ ಕೇಳುತ್ತಿತ್ತು. ಪೇಟಿಯ ಹಳೆ ರೀಡುಗಳು ಕಂಪ್ಯೂಟರ್ ಶ್ರುತಿಗೆ ಆಧಾರ ಇಟ್ಟುಕೊಂಡ 440 ಹರ್ಟ್ಸಿನ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ನಮ್ಮದು 20 ಸೆಂಟ್ಸ್ ಮೇಲಿತ್ತು, ಅಂದರೆ ಅರ್ಧ ಸ್ವರದ ಐದನೇ ಒಂದು ಪಾಲು. ಪೇಟಿಯನ್ನು ಕೆಳಗಿಳಿಸಲು ಹೋಗಬೇಡಿ, ಅದರೊಂದಿಗೆ ಇಡೀ ಹಾಡು ಕೆಡುತ್ತದೆ. ತಂಬೂರಿಯನ್ನೇ 20 ಸೆಂಟ್ಸ್ ಮೇಲಕ್ಕೆ ಎತ್ತಿ. ರೀಪರಿನಲ್ಲಿ ಟ್ಯೂನರ್ ಜೊತೆಗೇ ಇದೆ, ಪೇಟಿಯ ಒಂದು ಸ್ವರ ಹಿಡಿದು ಅಳೆದುಕೊಳ್ಳಬಹುದು.

ಕ್ರ್ಯಾಕ್ ಬೇಡ

ನಮ್ಮಲ್ಲಿ ಇದನ್ನು ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಮುನ್ನೂರು ರೂಪಾಯಿಗೆ ಯಾವ ಸಾಫ್ಟ್‌ವೇರ್ ಬೇಕಾದರೂ ಕ್ರ್ಯಾಕ್ ಮಾಡಿ, ಅಂದರೆ ಅದರ ಬೀಗ ಮುರಿದು, ಹಾಕಿಕೊಡುತ್ತಾರೆ. ನಾನೂ ಹಾಕಿಸಿದ್ದೆ. ಮೂರನೇ ವಾರಕ್ಕೆ ಎಲ್ಲ ಫೈಲಿನ ಹೆಸರು ಬದಲಾಗಿ, ರೊಕ್ಕ ಕೇಳುವ ಚೀಟಿ ಪರದೆ ಮೇಲೆ ಬಂತು. ಹೋದದ್ದು ಹಾಡು ಮಾತ್ರ ಅಲ್ಲ, ಮಗಳ ಹುಟ್ಟುಹಬ್ಬದ ಫೋಟೋಗಳೂ ಹೋದವು. ಉಚಿತದ್ದು ಇಷ್ಟೊಂದು ಇರುವಾಗ, 60 ಡಾಲರಿನದ್ದು ಇರುವಾಗ, ಅದರ ಉಸಾಬರಿ ಯಾಕೆ?

ಹೈದರಾಬಾದಿಗೆ ಕಳಿಸುವಾಗ

“ದೊಡ್ಡ ಸ್ಟುಡಿಯೋದವರು ಪ್ರೋ ಟೂಲ್ಸ್ ಬಳಸುತ್ತಾರೆ, ನಾವೂ ಅದನ್ನೇ ಕಲಿಯಬೇಕಲ್ವಾ?” ಅಂತ ಕೇಳುವವರಿದ್ದಾರೆ. ಬೇಕಿಲ್ಲ. ನಮ್ಮ ಎರಡು ಪದಗಳನ್ನು ಹೈದರಾಬಾದಿನಲ್ಲಿ ಮಿಕ್ಸ್ ಮಾಡಿಸಿದೆವು. ಅವರ ಸಾಫ್ಟ್‌ವೇರ್ ಯಾವುದು ಅಂತ ನಾನು ಕೇಳಲೇ ಇಲ್ಲ. ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವಾವ್ ಫೈಲಾಗಿ, ಎಲ್ಲವನ್ನೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ಹಾಗೆ, ಎಫೆಕ್ಟ್ ಇಲ್ಲದೆ ತೆಗೆದು ಕೊಟ್ಟೆ. ಅವರು ತಮ್ಮದರಲ್ಲಿ ಎಳೆದು ಹಾಕಿಕೊಂಡರು, ಎಲ್ಲ ತಾನಾಗಿ ಕೂಡಿತು. ಫೈಲಿಗೆ ‘ಪೇಟಿ’, ‘ತಾಳ’ ಅಂತ ಹೆಸರಿಡಿ. ‘ಟ್ರ್ಯಾಕ್ 07’ ಅಂತ ಕಳಿಸಿದರೆ ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ.

ಜಾಗದ ಲೆಕ್ಕವೂ ಇರಲಿ. 48 ಕಿಲೋಹರ್ಟ್ಸ್, 24 ಬಿಟ್ಟಿನ ಒಂದು ಮೋನೋ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ. ಒಂಬತ್ತು ಟ್ರ್ಯಾಕಿನ ಎಂಟು ನಿಮಿಷದ ಪದ ಅಂದರೆ 620 ಎಂಬಿ ಹತ್ತಿರ. ವಾಟ್ಸಾಪಿನಲ್ಲಿ ಒಂದೊಂದೇ ದೂಡುತ್ತ ಕೂರಬೇಡಿ. ಗೂಗಲ್ ಡ್ರೈವಿಗೆ ಹಾಕಿ ಲಿಂಕ್ ಕಳಿಸಿ, ಇಲ್ಲವೇ ಆ ಕಡೆ ಹೋಗುವ ಯಾರ ಕೈಯಲ್ಲಾದರೂ ಪೆನ್‌ಡ್ರೈವ್ ಕೊಟ್ಟುಬಿಡಿ.

ಯೂಟ್ಯೂಬಿಗೆ ನೀವೇ ಏರಿಸುವವರಾದರೆ ಸದ್ದನ್ನು ಗರಿಷ್ಠಕ್ಕೆ ಒತ್ತಿ ಚಪ್ಪಟೆ ಮಾಡಬೇಡಿ. ಅಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಹಾಡು ಕಿವಿಗೆ ಎಷ್ಟು ಜೋರು ಅಂತ ಅಳೆಯುವ ಮಾನ) ಜೋರಾದದ್ದನ್ನು ಅವರೇ ತಗ್ಗಿಸುತ್ತಾರೆ. ಒತ್ತಿದ್ದಕ್ಕೆ ತಬಲಾದ ಪೆಟ್ಟು ಸತ್ತದ್ದಷ್ಟೇ ಲಾಭ. ಏರಿಸುವ ಮೊದಲು ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ, ಪರಿಚಯದ ಆಟೋದವರಿದ್ದರೆ ಅವರ ಆಟೋದಲ್ಲೂ ಒಮ್ಮೆ ಹಾಕಿಸಿ. ಸೂಪರ್ ಮಾರ್ಕೆಟ್‌ನಿಂದ ಸ್ಟೇಷನ್‌ವರೆಗೆ ಹೋಗುವಷ್ಟರಲ್ಲಿ, ಕಾಕಾನ ದನಿ ಮೇಲಿದೆಯಾ ಪೇಟಿ ಅದನ್ನು ನುಂಗಿದೆಯಾ ಅಂತ ಗೊತ್ತಾಗಿಬಿಡುತ್ತದೆ. ನಮ್ಮದರಲ್ಲಿ ಪೇಟಿ ನುಂಗಿತ್ತು. ವಾಪಸ್ ಬಂದು 3 ಡೆಸಿಬೆಲ್ ಇಳಿಸಿದೆ.